ಕಾದು ನೋಡಿದ ವಿಚಾರ

ವೆಳ್ಳಕೋಯಿಲ್,
ಗುರುವಾರ

ಮೈಸೂರಿನ ಅಳಿಯಂದಿರಿಗೆ ಅತ್ತೆ ವಳ್ಳಿಯಮ್ಮ ಬರೆಯುವುದು.

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ. ನಿಮ್ಮ ಮಗಳು ಅಭಿನಯಾಗೆ ಕಿವಿನೋವು, ಜ್ವರ ಎಂದಾಗ ನೀವು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ ಉಪನ್ಯಾಸವನ್ನು ಎರಡು ಸಲ ಕೇಳಿದೆ. ಹನ್ನೊಂದು ನಿಮಿಷದಲ್ಲಿ ಮಗುವಿನ ಹೆಸರು ಒಮ್ಮೆಯೂ ಬರಲಿಲ್ಲ. ದೇಹವೇ ವೈದ್ಯ, ಆಂಟಿಬಯೋಟಿಕ್ ವಿಷ, "ಸುಮ್ಮನೆ ಕಾದು ನೋಡಿ" ಎಂದಿರಿ.

ಎರಡು ದಿನ ತಾಳಿ ಎಂದು ಡಾಕ್ಟರೂ ಹೇಳಿದ್ದರು. ಆದರೆ ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹೇಳಿದರು. ನೋವಿಗೆ ಸಿರಪ್ ಕೊಟ್ಟರು. ಜ್ವರ ಇಳಿಯದಿದ್ದರೆ, ಕಿವಿ ಸೋರಿದರೆ ಶುರು ಮಾಡಿ ಎಂದು ಇನ್ನೊಂದು ಔಷಧಕ್ಕೂ ಚೀಟಿ ಬರೆದರು. ನೀವು ಮೈಸೂರಿನಿಂದ ಯಾವ ಕಿವಿ ನೋಡಿದಿರೋ ನನ್ನ ಐದನೇ ಕ್ಲಾಸಿನ ಬುದ್ಧಿಗೆ ತಿಳಿಯದು.

ನಿಮ್ಮೂರಲ್ಲಿ ಕಾದು ನೋಡುವುದೆಂದರೆ ಕೈಕಟ್ಟಿ ಕೂರುವುದು. ನಮ್ಮ ಮನೆಯ ಕನ್ನಡದಲ್ಲಿ ತಮಿಳು ಬೆರೆತಿದೆ, ಕಾದು ಎಂದರೆ ಕಿವಿ. ನಿಮ್ಮ ಹೆಂಡತಿ ಗಂಡನ ಮಾತು ಮೀರುವವಳಲ್ಲ.

"ಅವ್ರೇ ಕಾದು ನೋಡು ಅಂದವ್ರಲ್ಲಾ ಮಗಳೇ, ನೋಡು," ಎಂದೆ.

ನೋಡಿದಳು. ದಿಂಬು ಒದ್ದೆ, ಎಡಗಿವಿಯಲ್ಲಿ ಕೀವು. ಡಾಕ್ಟರು ಹೇಳಿದ ಎರಡು ದಿನವೂ ಮುಗಿದಿತ್ತು. ಔಷಧ ಶುರು ಮಾಡಿದೆವು, ನಿಮ್ಮ ಅಪ್ಪಣೆಯಂತೆಯೇ.

ಈಗ ಜ್ವರವಿಲ್ಲ. ಏಳು ದಿನದ ಔಷಧವನ್ನು ಪೂರ್ತಿ ಕುಡಿಸುತ್ತೇನೆ. ಭಾನುವಾರ ಬಂದರೆ ಮಗುವಿನ ಬಲಗಡೆ ಕೂತು ಮಾತಾಡಿ. ಎಡಗಿವಿ ಇನ್ನೂ ಸ್ವಲ್ಪ ದಿನ ಮಂದವಾಗಿರುತ್ತದಂತೆ. ಕರೆದರೆ ತಿರುಗಲಿಲ್ಲವೆಂದು ಕೋಪ ಮಾಡಬೇಡಿ. ಕಾದು ನೋಡಿ.

ಇಂತಿ,
ವಳ್ಳಿಯಮ್ಮ