ಯಾವ ಬ್ರಾಂಚ್ ಸಾರ್?

ಹೌಜ್ ಖಾಸ್, ದೆಹಲಿ
ಭಾನುವಾರ

ಅಪ್ಪಾಜಿಗೆ ನಮಸ್ಕಾರ.

ನೀವು ನನ್ನ ಫೋನ್ ಎತ್ತದೆ ಎರಡು ವರ್ಷವಾಯಿತು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಕಾಲೇಜು ಹಾಸ್ಟೆಲಿನ ಅಡುಗೆಮನೆಯಲ್ಲಿ ಮೊಬೈಲಿನಿಂದ ಇಂಟರ್ನೆಟ್ ರೇಡಿಯೊ ಹಾಕಿಕೊಳ್ಳುತ್ತೇವೆ. ನನಗೆ ಒಂದೇ ಸ್ಟೇಷನ್ನಿನಲ್ಲಿ ನಿಲ್ಲಲು ಆಗುವುದಿಲ್ಲ. ನಿನ್ನೆ ಜಪಾನು, ಬ್ರೆಜಿಲ್ ಎಲ್ಲ ಸುತ್ತಿ ಕೊನೆಗೆ 'ಕನ್ನಡ' ಎಂದು ಹುಡುಕಿದಾಗ ನಮ್ಮ ಚಳ್ಳಕೆರೆಯದೇ ಒಂದು ಹೊಸ ಸ್ಟೇಷನ್ ಸಿಕ್ಕಿತು. ಹಳೆಯ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದವರು ನೀವು! ಹಿಟ್ಟಿನ ಕೈಯಲ್ಲೇ ವಾಲ್ಯೂಮ್ ಜಾಸ್ತಿ ಮಾಡಿದೆ.

ಕರೆ ಮಾಡಿದ್ದ ಕೇಳುಗರೊಬ್ಬರು ತಮ್ಮ ಮಗನ ಓದಿನ ಸುದ್ದಿ ಹೇಳಿದಾಗ ನೀವು, "ನನ್ನ ಮಗಳೂ ದಿಲ್ಲೀಲಿ ಇಂಜಿನಿಯರಿಂಗ್ ಕಾಲೇಜಲ್ಲಿದ್ದಾಳೆ" ಎಂದಿರಿ. ಅವರು, "ಯಾವ ಬ್ರಾಂಚ್ ಸಾರ್?" ಎಂದರು. ನೀವು ಕೆಮ್ಮಿ ಹಾಡು ಹಾಕಿಬಿಟ್ಟಿರಿ.

ನನ್ನ ಜೊತೆ ಕೆಲಸ ಮಾಡುವ ತುಮಕೂರಿನ ರತ್ನಕ್ಕ, "ಅರೇ, ಚಪಾತಿ ಬ್ರಾಂಚ್ ಅಂತ ಹೇಳೋಕೇನಾಗಿತ್ತೇ ನಿಮ್ಮಪ್ಪಂಗೆ!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಹಾಡು ಮುಗಿಯುವವರೆಗೂ ಚಪಾತಿ ಲಟ್ಟಿಸಲು ಆಗಲಿಲ್ಲ.

ನೀವು ಹೇಳಿದ್ದು ಸುಳ್ಳಲ್ಲ, ನಾನು ಇಂಜಿನಿಯರಿಂಗ್ ಕಾಲೇಜಿನಲ್ಲೇ ಇದ್ದೇನೆ. ಆದರೆ ಕೇಳಿದವರು ಓದುತ್ತಿದ್ದಾಳೆ ಎಂದೇ ತಿಳಿಯುತ್ತಾರೆ, ಅದು ನಿಮಗೂ ಗೊತ್ತು. ಪಿಯುಸಿ ಅರ್ಧಕ್ಕೆ ಬಿಟ್ಟಳು, ಅಲ್ಲಿ ಅಡುಗೆ ಮಾಡುತ್ತಾಳೆ ಎಂದು ಮುಂದಿನ ಶನಿವಾರ ಹೇಳಿಬಿಡಿ. ಒಂದೇ ವಾಕ್ಯ ಸಾಕು.

ನೀವು ಹೇಳದಿದ್ದರೆ ಕಾರ್ಯಕ್ರಮದ ನಂಬರಿಗೆ ಕರೆ ಮಾಡಿ ನಾನೇ ಹೇಳುತ್ತೇನೆ. ಅಲ್ಲಿ ನೀವು ಎತ್ತಲೇಬೇಕು.

ಹೇಳಿದರೂ ಕರೆ ಮಾಡುತ್ತೇನೆ.

ನಿಮ್ಮ ಮಗಳು
ಧಾರಿಣಿ