ಇದ್ದತ್‌ನಲ್ಲಿ ಬಂದ ನೋಟೀಸು

ಅಕ್ಟೋಬರ್ 12, 1962, ಶುಕ್ರವಾರ

ಅನ್ನ ಬಸಿದೆ. ಮಗಳು ಜುಬೇದಾಗೆ ಜಡೆ ಹೆಣೆದು ಶಾಲೆಗೆ ಕಳಿಸಿದೆ. ಮತ್ತೆ ಇದೇ ನಾಲ್ಕು ಗೋಡೆ. ಅವರು ತೀರಿಕೊಂಡು ಐವತ್ನಾಲ್ಕು ದಿನ. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಈ ಇದ್ದತ್ ಮುಗಿಯಲು ಇನ್ನೂ ಎಪ್ಪತ್ತಕ್ಕೂ ಹೆಚ್ಚು. ಅಲ್ಲಿಯವರೆಗೆ ಹೊರಗೆ ಕಾಲಿಡುವಂತಿಲ್ಲ. ಸಾಗರದ ಈ ಬಾಡಿಗೆ ಮನೆಯಲ್ಲಿ ಉಸಿರು ಕಟ್ಟುತ್ತದೆ.

ನೋಟೀಸು ಬಂತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೋಗುವ ಗದ್ದೆಗೆ ಪರಿಹಾರ. ಮದುವೆಯಲ್ಲಿ ಮಹರ್ ಎಂದು ಅವರು ನನ್ನ ಹೆಸರಿಗೇ ಬರೆದುಕೊಟ್ಟಿದ್ದ ಗದ್ದೆ. ನವೆಂಬರ್ 19ಕ್ಕೆ ಖುದ್ದು ಕಚೇರಿಗೆ ಬರಬೇಕಂತೆ.

ಒಂದು ಸೈಟು ತೆಗೆದುಕೊಳ್ಳಬೇಕು. ನನಗೂ ಜುಬೇದಾಗೂ ಒಂದು ಸೂರು. ಬೇರೇನೂ ಬೇಡ.

ಅಕ್ಟೋಬರ್ 25

ಮೈದುನ ಗೌಸ್ ರೇಡಿಯೋ ತಂದ. ಸಾಲಕ್ಕೆ.

"ಯುದ್ಧದ ಸುದ್ದಿ ಕೇಳ್ಬೇಕಲ್ಲ ಭಾಬಿ. ಪರಿಹಾರ ಬಂದ್ ಕೂಡ್ಲೇ ಕೊಟ್ರಾಯ್ತು."

ಈಗ ವಾರಕ್ಕೆ ಮೂರು ದಿನ ಮಾಂಸ, ಅದೂ ಸಾಲಕ್ಕೇ. ಅರ್ಧ ಸೇರು ಸಕ್ಕರೆಗೆ ಮುಖ ಸಿಂಡರಿಸುತ್ತಿದ್ದ ಅಂಗಡಿ ಜಯಪ್ಪ ಕೇಳದೆಯೇ ತುಪ್ಪ ಕಳಿಸುತ್ತಾನೆ. ಬಾರದ ದುಡ್ಡಿಗೆ ಏನು ಮರ್ಯಾದೆ! ಬಿರಿಯಾನಿ ನಾನೂ ತಿಂದೆ. ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ನವೆಂಬರ್ 11

ಗೌಸ್ ಮುಖ್ತ್ಯಾರ್ ಪತ್ರ ಬರೆಸಿ ತಂದಿದ್ದಾನೆ. ನನ್ನ ಬದಲು ಅವನೇ ದುಡ್ಡು ಪಡೆಯಲು.

"ನೀವು ಹೊರಗ್ ಹೋಗಂಗಿಲ್ಲ. ಒಂದ್ ಸೈನ್ ಹಾಕಿ, ನಾನ್ ತರ್ತೀನಿ."

ತರುತ್ತಾನೆ. ಸೈಟಿಗೆ ಏನುಳಿಯುತ್ತದೆ? ನಾಳೆ ನೋಡೋಣ ಎಂದೆ. ಹೇಡಿ ನಾನು.

ನವೆಂಬರ್ 16

ಮೌಲ್ವಿ ಸಾಹೇಬರಿಗೆ ಚೀಟಿ ಕಳಿಸಿದ್ದೆ. ಉತ್ತರ ಬಂತು — ತೀರಾ ಅಗತ್ಯವಿದ್ದರೆ ಹಗಲು ಹೋಗಬಹುದು, ರಾತ್ರಿಗೆ ಮನೆ ಸೇರಬೇಕು. ಗೌಸ್‌ಗೆ ತೋರಿಸಿದೆ.

"ಅವ್ರೇನೋ ಹೇಳ್ತಾರೆ. ಊರ್ನೋರ್ ಬಾಯಿ ಯಾರ್ ಮುಚ್ತಾರೆ?"

ನವೆಂಬರ್ 18

ಒಲೆ ಮುಂದೆ ಅತ್ತೆ ಬಂದು ಕೂತರು. ಬೈಯುತ್ತಾರೆ ಅಂದುಕೊಂಡೆ.

"ನಿನ್ ಮಾವ ಹೋದಾಗ ನಾನೂ ಹಿಂಗೇ ಒಳಗ್ ಕೂತೆ. ತಂದಿದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತಿದೆ. ಹೊರಗ್ ಬಂದಾಗ ತೋಟ ನಮ್ದಾಗಿರ್ಲಿಲ್ಲ."

ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. "ನಾಳೆ ನಾನೂ ಬರ್ತೀನಿ" ಎಂದರು.

ನವೆಂಬರ್ 19, ಬೆಳಿಗ್ಗೆ 9

ಬುರ್ಖಾ ಹಾಕಿ ಕೂತಿದ್ದೇನೆ. ಗಾಡಿ ಇನ್ನೂ ಬಂದಿಲ್ಲ.

ಗೌಸ್ ಬಾಗಿಲಿಗೆ ಅಡ್ಡ ನಿಂತು ಕೂಗಾಡಿದ. ಮನೆ ಮರ್ಯಾದೆ, ಅಣ್ಣನ ಹೆಸರು... ಎಲ್ಲಾ. ಅವನು ಮುಗಿಸುವ ತನಕ ಅತ್ತೆ ಕಾದರು.

"ನನ್ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡೋನು ನಿಮ್ ಚಿಕ್ಕಪ್ಪ. ಅವ್ನೂ ಹಿಂಗೇ ಬಾಗ್ಲಾಗ್ ನಿಂತಿದ್ದ."

ಗೌಸ್ ಪಕ್ಕಕ್ಕೆ ಸರಿಯಲಿಲ್ಲ. ಅವನ ಭುಜ ಸವರಿಕೊಂಡೇ ಅತ್ತೆ ಹೊರಗೆ ಹೋದರು.

ಗಾಡಿ ಬಂತು. ಅತ್ತೆ ಬೀದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ. ಅವರ ಚಪ್ಪಲಿ ತೆಗೆದುಕೊಂಡು ನಾನೂ ಹೊರಟೆ.