ಮೂರು ಬೀದಿಗಳನ್ನು ಕ್ಷೇತ್ರದಿಂದ ಹೊರಗಿಟ್ಟವನು ನಾನು

ಕ್ಷೇತ್ರ ಮರುವಿಂಗಡಣಾ ಆಯೋಗದ ಮಾನ್ಯ ಅಧ್ಯಕ್ಷರೇ,

ಕಳೆದ ಮಂಗಳವಾರ ನಮ್ಮ ಹೈಸ್ಕೂಲಿನ ಊಟದ ಕೋಣೆಯಲ್ಲಿ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ತಾವು ಒಂದು ಪ್ರಶ್ನೆ ಕೇಳಿದಿರಿ: “ಈ ಗಡಿಯನ್ನ ಬೇಕು ಅಂತಲೇ ಹೀಗೆ ಎಳೆದ್ರು ಅನ್ನೋದಕ್ಕೆ ಪುರಾವೆ ಏನಿದೆ?” ಯಾರೂ ಉತ್ತರ ಕೊಡಲಿಲ್ಲ. ತಾವು ಸಮಾಧಾನದಿಂದ ಕಾಗದ ಮಡಚಿದಿರಿ. ಉತ್ತರ ಗೊತ್ತಿದ್ದವನೊಬ್ಬ ನಾಲ್ಕನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದ. ಅವನು ನಾನು.

ನಲವತ್ತೊಂದನೆಯ ಕ್ಷೇತ್ರದ ಪೂರ್ವದ ಗಡಿಯನ್ನು ತಮ್ಮ ಹೊಸ ಕರಡು “ಐತಿಹಾಸಿಕ” ಎಂದು ಕರೆದು, ಹಾಗೇ ಉಳಿಸಬೇಕೆಂದು ಶಿಫಾರಸು ಮಾಡಿದೆ. ಎಂಥ ಗೌರವ! ಅದು ಹೊಳೆಯ ಗುಂಟ ಹೋಗುವುದಿಲ್ಲ, ಹೆದ್ದಾರಿಯ ಗುಂಟವೂ ಹೋಗುವುದಿಲ್ಲ. ಜನರ ಹಿತ್ತಲುಗಳ ನಡುವೆ ಕಳ್ಳನ ಹಾಗೆ ನುಸುಳುತ್ತದೆ. ಅದರ ಇತಿಹಾಸ ಇಷ್ಟೇ. 1981ರ ಒಂದು ಮಧ್ಯಾಹ್ನ, ರಾಜ್ಯ ಶಾಸನಸಭೆಯ ನಕ್ಷಾ ಶಾಖೆಯಲ್ಲಿ ಕೆಲಸಕ್ಕಿದ್ದ ನನ್ನ ಮೇಜಿನ ಬಳಿ ನಮ್ಮ ಕ್ಷೇತ್ರದ ಅಂದಿನ ಸದಸ್ಯರು ಬಂದು ನಿಂತರು.

“ಕ್ಯಾಸ್, ಟ್ಯೂಲಿಪ್ ಬೀದಿ, ಅದರ ಪಕ್ಕದ ಎರಡು ಬೀದಿ ಆಚೆ ಕ್ಷೇತ್ರಕ್ಕೆ ಹೋದ್ರೆ ನಕ್ಷೆ ಚಂದ ಕಾಣುತ್ತಲ್ವಾ?”

“ಅದ್ಯಾಕೆ ಸರ್? ಅವು ನಮ್ಮೂರಿನ ಬೀದಿಗಳೇ ಅಲ್ವಾ?”

“ಚಂದ ಕಾಣುತ್ತೆ ಅಂದೆನಲ್ಲಪ್ಪ.”

ಯಾಕೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವರ ವಿರುದ್ಧ ನಿಂತು ಬರೀ ಇನ್ನೂರ ಹನ್ನೊಂದು ಮತಗಳಿಂದ ಸೋತಿದ್ದ ಲೂಎಲಾ ಗೇನ್ಸ್ ಅವರ ಮನೆ ಟ್ಯೂಲಿಪ್ ಬೀದಿಯಲ್ಲಿತ್ತು. ನಮ್ಮೂರಿಗೆ ಬಂದ ಮೊದಲ ಕಪ್ಪು ಕುಟುಂಬ ಅವರದು. ಆಮೇಲೆ ಬಂದ ಕಪ್ಪು ಜನರಿಗೆಲ್ಲ ಮನೆ ದಲ್ಲಾಳಿಗಳು ತೋರಿಸಿದ್ದು ಅದೇ ಮೂರು ಬೀದಿಗಳನ್ನು. ಅಧ್ಯಕ್ಷರೇ, ಆ ಲೂಎಲಾ ಮೇಡಂ ನನ್ನ ಶಾಲೆಯ ಗ್ರಂಥಪಾಲಕಿ. ಗಣಿತದಲ್ಲಿ ನಪಾಸಾಗಿ ಮೂಲೆ ಹಿಡಿದಿದ್ದ ಈ ಡುಡೆಕ್ ಮನೆತನದ ಹುಡುಗನ ಮುಂದೆ ಭೂಪಟದ ದೊಡ್ಡ ಪುಸ್ತಕ ತೆರೆದಿಟ್ಟು, “ನಿನ್ನ ಕೈ ಚೆನ್ನಾಗಿದೆ ಕಣೋ, ನಕ್ಷೆ ಬರಿ” ಅಂದವರು. ನಾನು ನಕ್ಷೆ ಬರೆದೆ. ಆ ತಿಂಗಳ ಕೊನೆಗೆ ನನಗೆ ಬಡ್ತಿ ಬಂತು.

ಮರುವರ್ಷ ಮೇಡಂ ನಾಮಪತ್ರ ಸಲ್ಲಿಸಲು ಹೋದಾಗ ಗುಮಾಸ್ತ, “ಅಮ್ಮಾ, ನೀವು ಈ ಕ್ಷೇತ್ರದವರೇ ಅಲ್ಲ” ಅಂದನಂತೆ. ಅವರು ಮಾರನೆಯ ದಿನವೇ ನನ್ನ ಮನೆಗೆ ಬಂದರು. “ಕ್ಯಾಸ್, ನಿಮ್ಮ ಆಫೀಸಲ್ಲಿ ಏನೋ ತಪ್ಪಾಗಿರಬೇಕು. ಸ್ವಲ್ಪ ನೋಡ್ತೀಯಾ?” “ನೋಡ್ತೀನಿ ಮೇಡಂ” ಅಂದೆ. ಬರುವಾಗ ಪೀಚ್ ಹಣ್ಣಿನ ಪೈ ಮಾಡಿ ತಂದಿದ್ದರು. ಅದನ್ನು ತಿಂದೆ ಕೂಡ.

ಆಮೇಲಿನ ಪ್ರಾತಿನಿಧ್ಯದ ಕಥೆ ತಮ್ಮ ಕಡತದಲ್ಲೇ ಇದೆ. ನಲವತ್ತು ವರ್ಷಗಳಲ್ಲಿ ನಲವತ್ತೊಂದನೆಯ ಕ್ಷೇತ್ರಕ್ಕೆ ಮೂವರೇ ಸದಸ್ಯರು: ಆ ಮಹಾಶಯರು, ಅವರ ಅಳಿಯ, ಅಳಿಯನ ಸಹಾಯಕ. ಎಷ್ಟೋ ಸಲ ಎದುರಾಳಿಯೇ ಇರಲಿಲ್ಲ. ಜೋಳದ ಹೊಲಗಳ ಕ್ಷೇತ್ರಕ್ಕೆ ಅಂಟಿಸಿದ ಆ ಮೂರು ಬೀದಿಗಳ ಸದಸ್ಯರು ಇರುವುದು ನಲವತ್ತು ಮೈಲಿ ದೂರದಲ್ಲಿ. ಹಿಮ ಬಿದ್ದಾಗ ಮಕ್ಕಳು ಕಾರುಗಳ ನಡುವೆ ಶಾಲೆಗೆ ನಡೆಯುತ್ತಾರೆ, ಪಾದಚಾರಿ ದಾರಿ ಮಾಡಿಸಿಕೊಡಿ ಎಂದು ಮೇಡಂ ಬರೆದ ಅರ್ಜಿಗೆ ಬಂದ ಉತ್ತರವೇನು ಗೊತ್ತೇ? ಅವರ ಕಡೆಯ ರೈತರ ಜಾತ್ರೆಯ ಹಂದಿ ಪ್ರದರ್ಶನಕ್ಕೆ ಆಹ್ವಾನ ಪತ್ರಿಕೆ. ಇದನ್ನೂ ಪ್ರಾತಿನಿಧ್ಯ ಎನ್ನುವುದಾದರೆ, ಅನಾಥತನಕ್ಕೆ ಏನೆನ್ನೋಣ?

ಮಂಗಳವಾರ ಎಂಬತ್ತೈದು ವರ್ಷದ ಮೇಡಂ ಕೋಲೂರಿ ನಿಂತು ಇದನ್ನೇ ಹೇಳುತ್ತಿದ್ದರು. ಮೂರು ನಿಮಿಷಕ್ಕೆ ತಾವು ಗಂಟೆ ಬಾರಿಸಿದಿರಿ. ನಾನು ಬಾಯಿ ತೆರೆಯಲಿಲ್ಲ. ತಮಗಿಂತ ನಾನು ಹೆಚ್ಚು ಅಪರಾಧಿ. ತಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ.

“ಮೇಡಂ, ಆ ಗೆರೆ ಎಳೆದದ್ದು ನಾನೇ.”

ಅವರು ಕೋಲನ್ನು ಬಾಗಿಲಿಗೆ ಒರಗಿಸಿದರು. ಆಮೇಲೆ, “ಆವತ್ತು ನಿನ್ನ ಹತ್ರಾನೇ ಬಂದು ಕೇಳಿದ್ದೆ ಅಲ್ವೇನೋ?”

“ಹೌದು.”

“ನೋಡ್ತೀನಿ ಅಂದೆ ನೀನು.”

ನನಗೆ ಅಳು ಬಂತು.

“ಅಳಬೇಡ. ನಿನ್ನ ಕಣ್ಣೊರೆಸೋ ಕೆಲಸ ನನ್ನ ತಲೆಗೆ ಕಟ್ಟಬೇಡ. ಪುರಾವೆ ಕೇಳಿದ್ದು ನಾನಲ್ಲ. ಕೇಳಿದವರಿಗೆ ಬರೆದು ಕೊಡು. ಹೆಸರು ಹಾಕಿ ಬರಿ.”

ಕಾಫಿ ಕುಡೀತೀಯಾ ಎಂದು ಕೇಳಲಿಲ್ಲ, ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಅದಕ್ಕೇ ಈ ಪತ್ರ. ಕರಡಿನ ಮೇಲೆ ಶುಕ್ರವಾರ ಆಯೋಗದಲ್ಲಿ ನಡೆಯುವ ಮತದಾನಕ್ಕೆ ಮುಂಚೆ ಇದನ್ನು ಕಡತಕ್ಕೆ ಸೇರಿಸಿ. ಪ್ರಮಾಣ ಮಾಡಿಸಿ ಕೇಳುವುದಾದರೆ ಬರುತ್ತೇನೆ. ನನ್ನ ಮೇಲೆ ಕ್ರಮ ಜರುಗಿಸುವುದಾದರೆ ತಕರಾರಿಲ್ಲ. ಆದರೆ ಆ ಮೂರು ಬೀದಿಗಳನ್ನು ಅವುಗಳ ಊರಿಗೆ ಮರಳಿಸಿ. ಬಾಗಿಲು ಹಾಕುವ ಮುನ್ನ ಮೇಡಂ, ಬರುವ ವಸಂತದಲ್ಲಿ ಮತ್ತೆ ನಾಮಪತ್ರ ಸಲ್ಲಿಸುತ್ತೇನೆ ಅಂದರು. ಗೆಲ್ಲುತ್ತಾರೋ ಸೋಲುತ್ತಾರೋ ಗೊತ್ತಿಲ್ಲ. ಅದನ್ನು ಜನ ಹೇಳಲಿ. ನಾನೂ ಹೇಳುವುದು ಬೇಡ, ತಾವೂ ಹೇಳುವುದು ಬೇಡ.

ಇಂತಿ,
ಹೆಸರು ಹಾಕಲು ನಲವತ್ತು ವರ್ಷ ತೆಗೆದುಕೊಂಡ
ಕ್ಯಾಸಿಮಿರ್ ಡುಡೆಕ್
ನಕ್ಷಾ ಶಾಖೆಯ ನಿವೃತ್ತ ನೌಕರ